ಸಾಗರದಲ್ಲಿ ಸಮುದ್ರ ಇಲ್ಲ

ನಮ್ಮೂರು ಸಾಗರ ಅಂದಾಗ ಇಲ್ಲಿ ನ್ಯೂಜೆರ್ಸಿಯಲ್ಲಿ ಪರಿಚಯವಾದ ಉತ್ತರ ಭಾರತದ ಗೆಳೆಯರು "ಬೀಚ್ ಚೆನ್ನಾಗಿದ್ಯಾ?" ಅಂತ ಕೇಳ್ತಾರೆ. ಬೀಚೂ ಇಲ್ಲ, ಸಮುದ್ರವೂ ಇಲ್ಲ. ಕೆಳದಿಯ ಸದಾಶಿವ ನಾಯಕ ಕಟ್ಟಿಸಿದ ಕೆರೆಗೆ ಸದಾಶಿವಸಾಗರ ಅಂತ ಹೆಸರಿತ್ತು, ಅದೇ ಊರಿಗೆ ಅಂಟಿಕೊಂಡಿತು. ಈಗ ನಾವೆಲ್ಲ ಅದನ್ನ ಗಣಪತಿ ಕೆರೆ ಅಂತೀವಿ.

ಪೇಟೆಯಿಂದ ಉತ್ತರಕ್ಕೆ ಕೆಳದಿ, ದಕ್ಷಿಣಕ್ಕೆ ಇಕ್ಕೇರಿ. ಎರಡೂ ಸೈಕಲ್ ತುಳಿದು ಹೋಗಿಬರುವಷ್ಟೇ ದೂರ, ಎರಡೂ ಒಂದೊಂದು ಕಾಲಕ್ಕೆ ರಾಜಧಾನಿ! ಆಮೇಲೆ ನಾಯಕರು ಬಿದನೂರಿಗೆ ಹೋದರು, 1763ರಲ್ಲಿ ಹೈದರಾಲಿ ಅದನ್ನ ಹಿಡಿದ. ಇನ್ನು ಕಾಗೋಡು. ಗದ್ದೆ ಯಜಮಾನರು ಗೇಣಿ ಭತ್ತ ಅಳೆಯುವ ಕೊಳಗದ ವಿಚಾರಕ್ಕೆ 1951ರಲ್ಲಿ ರೈತರು ಎದ್ದು ನಿಂತ ಊರು. ಲೋಹಿಯಾ ಇಲ್ಲಿಗೆ ಬಂದು ಬಂಧನಕ್ಕೊಳಗಾದರು.

ನೀರಿನ ಕಥೆ ಇನ್ನೂ ಮಜಾ. ಇಕ್ಕೇರಿ ಕಡೆಯ ವರದಾಮೂಲದಲ್ಲಿ ಹುಟ್ಟುವ ವರದಾ ತುಂಗಭದ್ರೆ ಸೇರಿ ಬಂಗಾಳ ಕೊಲ್ಲಿಯ ದಾರಿ ಹಿಡೀತಾಳೆ. ಅದೇ ತಾಲ್ಲೂಕಿನ ಶರಾವತಿ ಜೋಗದಲ್ಲಿ ಧುಮುಕಿ ಹೊನ್ನಾವರದ ಹತ್ರ ಅರಬ್ಬೀ ಸಮುದ್ರಕ್ಕೆ. ನಮ್ಮೂರ ಮಳೆ ಯಾವ ಗುಡ್ಡದ ಯಾವ ಮಗ್ಗುಲಿಗೆ ಬಿತ್ತು ಅನ್ನೋದರ ಮೇಲೆ ಅದರ ಸಮುದ್ರ ನಿರ್ಧಾರ ಆಗ್ತದೆ.

ಅಜ್ಜಿಯ ತವರು ಶರಾವತಿಯ ಕಡೆ. ಮೊದಲು ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಬಂತು. ಆಮೇಲೆ 1964ರಲ್ಲಿ ಲಿಂಗನಮಕ್ಕಿ ಬಂದು ಆ ಹಳೇ ಅಣೆಕಟ್ಟನ್ನೇ ಮುಳುಗಿಸಿತು, ಜೊತೆಗೆ ಅಜ್ಜಿಯ ಮನೆ, ತೋಟ, ಬಾವಿ ಕೂಡ. ನಾಡಿಗೆಲ್ಲ ಕರೆಂಟ್ ಹೋಯ್ತು. ಎದ್ದು ಹೋದವರಲ್ಲಿ ಎಷ್ಟೋ ಜನ ಹಕ್ಕುಪತ್ರಕ್ಕಾಗಿ ದಶಕಗಟ್ಟಲೆ ಕಚೇರಿ ಅಲೆದರು. ಕರೆಂಟ್ ಬೇಡವಾಗಿತ್ತಾ ಅಂತ ಕೇಳಿದ್ರೆ ನನ್ನತ್ರ ಉತ್ತರ ಇಲ್ಲ. ಅದೇ ದೀಪದಲ್ಲಿ ಓದಿ ತಾನೆ ಇಲ್ಲಿಗೆ ಬಂದಿದ್ದು? ಅಜ್ಜಿ ಮಾತ್ರ ಕೊನೇವರೆಗೂ "ನಮ್ಮನೆ ಬಾವಿ ನೀರು" ಅಂತಲೇ ಕಾಫಿಗೆ ಕೊಂಕು ತೆಗೀತಿದ್ರು.

ಹಿನ್ನೀರಿನಿಂದ ತುಮರಿ ಕಡೆಯ ಹಳ್ಳಿಗಳು ಸಾಗರ ತಾಲ್ಲೂಕಿನಲ್ಲಿದ್ದೂ ಸಾಗರದಿಂದ ದೂರವಾದವು. ಬಸ್ಸನ್ನೇ ಲಾಂಚಿಗೆ ಹತ್ತಿಸಿ ದಾಟಬೇಕಿತ್ತು. ಸಂಜೆ ಕೊನೇ ಲಾಂಚ್ ತಪ್ಪಿದ್ರೆ ಮುಗೀತು, ರಾತ್ರಿ ಕಾಯಿಲೆ ಬಿದ್ದವರ ಪಾಡು ನೀವೇ ಊಹಿಸಿ. 2025ರ ಜುಲೈ 14ಕ್ಕೆ ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಉದ್ಘಾಟನೆ ಆಯ್ತು. ಅಷ್ಟಕ್ಕೆ ಅರವತ್ತು ವರ್ಷ!

ಮಳೆಗಾಲದಲ್ಲೇ ಅಪ್ಪ ಕಾರಲ್ಲಿ ಹೋಗಿ ಬಂದು ಫೋನ್ ಮಾಡಿದ್ರು. ಅಜ್ಜಿ ಊರು ಯಾವ ಕಡೆ ಬರ್ತದೆ ಅಂತ ನೋಡಿದ್ರಾ, ಕೇಳಿದೆ.

"ನೀರು ತುಂಬಿತ್ತು ಮಾರಾಯ. ಕಾರು ನಿಲ್ಸೋಕೂ ಬಿಡ್ಲಿಲ್ಲ, ಹಿಂದಿನವ ಹಾರನ್ ಹೊಡೆದ."