ಉತ್ತರ ಕೊಡದ ಸ್ವಿಚ್: ಒಂದು ತಾತ್ಕಾಲಿಕ ಪ್ರೋಟೋಕಾಲ್‌ನ ಕಥೆ

ಈ ಸಲದ ವಿಡಿಯೋದಲ್ಲಿ ಮಾತಾಡಿದ್ದನ್ನ ಓದೋಕೆ ಅನುಕೂಲ ಆಗ್ಲಿ ಅಂತ ಅಲ್ಲಲ್ಲಿ ತಿದ್ದಿ ಇಲ್ಲಿ ಹಾಕಿದ್ದೀನಿ. ಪ್ರಶ್ನೆ ಒಂದೇ. ಸ್ವಿಚ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್‌ನಲ್ಲಿ ‘ಡಿಸ್ಕವರ್’ ಬಟನ್ ಒತ್ತುತ್ತೀವಿ. ಕಣ್ಣೆದುರಿನ ರ‍್ಯಾಕ್‌ನಲ್ಲಿ ಹಸಿರು ದೀಪ ಮಿನುಗಿಸ್ತಾ ಕೂತಿರೋ ಸ್ವಿಚ್ ಮಾತ್ರ ಪಟ್ಟಿಯಲ್ಲಿ ಬರೋದಿಲ್ಲ. ಯಾಕೆ? ನೋಯ್ಡಾ, ಗುರುಗ್ರಾಮದಲ್ಲಿ ಆನ್‌ಕಾಲ್ ಡ್ಯೂಟಿ ಮಾಡೋ ನಮ್ಮವರಿಗೆ ಇದು ಶನಿವಾರ ರಾತ್ರಿಯ ಪ್ರಶ್ನೆ. ಇದರ ಬೇರು 1988ರಲ್ಲಿದೆ. ಅಲ್ಲಿಗೆ ಹೋಗೋ ಮುಂಚೆ, ನಾವಿರೋ ಊರಲ್ಲೇ ಸ್ವಲ್ಪ ನಿಲ್ಲೋಣ.

ಲೋಧಿ ರಸ್ತೆಯ ಸಿಜಿಒ ಕಾಂಪ್ಲೆಕ್ಸ್ ನಿಮಗೆ ಗೊತ್ತಿರುತ್ತೆ. ಲೋಧಿ ಎಸ್ಟೇಟ್‌ನ ನಮ್ಮ ಕನ್ನಡ ಶಾಲೆಯಿಂದ ಬಹಳ ದೂರವೇನಲ್ಲ. ಅಲ್ಲೇ ನ್ಯಾಷನಲ್ ಇನ್‌ಫರ್ಮ್ಯಾಟಿಕ್ಸ್ ಸೆಂಟರ್‌ನ ಕೇಂದ್ರ ಕಚೇರಿ. 1976ರಲ್ಲಿ ಶುರುವಾದ ಈ ಸಂಸ್ಥೆಯನ್ನ ಕಟ್ಟಿ ಬೆಳೆಸಿದವರು ಎನ್. ಶೇಷಗಿರಿ. ನಮ್ಮ ಕರ್ನಾಟಕದವರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. 2005ರಲ್ಲಿ ಪದ್ಮಭೂಷಣ ಬಂತು. ಇಷ್ಟು ದೊಡ್ಡ ಕೆಲಸ ಮಾಡಿದವರ ಹೆಸರು ನಮ್ಮ ಐಟಿ ಮಂದಿಗೇ ಸರಿಯಾಗಿ ಗೊತ್ತಿಲ್ಲ ಅನ್ನೋದು ನನಗೆ ಬೇಜಾರಿನ ವಿಷಯ. 1980ರ ದಶಕದಲ್ಲಿ ಅವರ ಕಾಲದಲ್ಲೇ ನಿಕ್‌ನೆಟ್ ಬಂತು. ಜಿಲ್ಲಾ ಕೇಂದ್ರಗಳಲ್ಲಿ ಪುಟ್ಟ ಡಿಶ್‌ಗಳು, ಮೇಲೆ ಉಪಗ್ರಹ, ನಡುವೆ ದೆಹಲಿಯ ದೊಡ್ಡ ಕೇಂದ್ರ.

ಈ ನಕ್ಷತ್ರದಾಕಾರದ ಜಾಲದಲ್ಲಿ ಗಮನಿಸಬೇಕಾದ್ದು ಒಂದಿದೆ. ‘ಯಾರ‍್ಯಾರಿದ್ದೀರಿ?’ ಅಂತ ಕೇಳೋ ಅಗತ್ಯವೇ ಇರಲಿಲ್ಲ. ಪ್ರತಿ ಡಿಶ್ಶನ್ನೂ ಒಬ್ಬ ಎಂಜಿನಿಯರ್ ಹೋಗಿ ಕೂರಿಸಬೇಕು, ನಡುವಿನ ಕೇಂದ್ರದಲ್ಲಿ ಅದರ ಹೆಸರು ಮೊದಲೇ ಬರೆದಿರಬೇಕು. ಪಟ್ಟಿ ಮೊದಲು, ಯಂತ್ರ ಆಮೇಲೆ. 1986ರಲ್ಲಿ ಆರಂಭವಾದ ಅರ್ನೆಟ್ ಯೋಜನೆಯಲ್ಲಿ ಐದು ಐಐಟಿಗಳು, ಐಐಎಸ್‌ಸಿ, ಮುಂಬೈನ ಎನ್‌ಸಿಎಸ್‌ಟಿ, ದೆಹಲಿಯ ಎಲೆಕ್ಟ್ರಾನಿಕ್ಸ್ ಇಲಾಖೆ ಇದ್ದವು. ಒಟ್ಟು ಎಂಟೇ ಜಾಗ, ಬೆರಳಲ್ಲಿ ಎಣಿಸಬಹುದು. ಆ ಕಾಲದ ಯುಯುಸಿಪಿ ಮೇಲ್‌ನಲ್ಲಂತೂ ಪತ್ರ ಯಾವ ಯಂತ್ರದಿಂದ ಯಾವ ಯಂತ್ರಕ್ಕೆ ಹಾಯಬೇಕು ಅನ್ನೋ ದಾರಿಯನ್ನ, ನಡುವೆ ಆಶ್ಚರ್ಯಸೂಚಕ ಚಿಹ್ನೆ ಹಾಕಿ, ಕಳಿಸೋನೇ ಬರೆಯಬೇಕಿತ್ತು. ಜಾಲದ ನಕ್ಷೆ ಮನುಷ್ಯನ ತಲೆಯಲ್ಲಿತ್ತು.

ಈಥರ್‌ನೆಟ್ ಇದನ್ನ ಉಲ್ಟಾ ಮಾಡಿತು. ಯಾರು ಬೇಕಾದ್ರೂ ಗೋಡೆಯ ಸಾಕೆಟ್‌ಗೆ ವೈರ್ ಚುಚ್ಚಬಹುದು. 1990ರಲ್ಲಿ ಕಲ್ಪನಾ ಅನ್ನೋ ಕಂಪನಿ ಮೊದಲ ಈಥರ್‌ನೆಟ್ ಸ್ವಿಚ್ ತಂತು. ಸ್ಥಾಪಕ ವಿನೋದ್ ಭಾರದ್ವಾಜ್, ಹೆಸರು ಅವರ ಹೆಂಡತಿಯದು. 1994ರಲ್ಲಿ ಸಿಸ್ಕೋ ಅದನ್ನ ಕೊಂಡುಕೊಂಡಿತು. ಈಗ ಯಂತ್ರ ಮೊದಲು, ಪಟ್ಟಿ ಆಮೇಲೆ. ಅಂದ್ರೆ ಯಾರೋ ಹೋಗಿ ಹುಡುಕಲೇಬೇಕು.

ಹುಡುಕೋಕೆ ಇದ್ದ ಸಾಧನ ಏನು? 1983ರಲ್ಲಿ ಮೈಕ್ ಮೂಸ್ ಬರೆದ ಪಿಂಗ್. ಅದು ‘ಇದ್ದೀಯಾ?’ ಅಂತ ಕೇಳುತ್ತೆ, ‘ಯಾರು ನೀನು?’ ಅಂತ ಕೇಳಲ್ಲ. ಆ ಎರಡನೇ ಪ್ರಶ್ನೆಗೆ ಎಸ್‌ಎನ್‌ಎಂಪಿ ಬಂದದ್ದು 1988ರಲ್ಲಿ. ತಮಾಷೆ ಏನಂದ್ರೆ, ಅದು ಉಳಿಯಬೇಕು ಅಂತ ಯಾರೂ ಅಂದುಕೊಂಡಿರಲಿಲ್ಲ. ಆ ವರ್ಷದ ಏಪ್ರಿಲ್‌ನ ಆರ್‌ಎಫ್‌ಸಿ 1052 ಓದಿ ನೋಡಿ. ಸದ್ಯಕ್ಕೆ ಈ ಸರಳ ಪ್ರೋಟೋಕಾಲ್ ಇರಲಿ, ಮುಂದೆ ಓಎಸ್ಐ ಗುಂಪಿನ ದೊಡ್ಡ ವ್ಯವಸ್ಥೆಗೆ ಹೋಗೋಣ ಅನ್ನೋದು ಅದರ ಸಾರ. ಆ ದೊಡ್ಡ ವ್ಯವಸ್ಥೆ ಇಂಟರ್‌ನೆಟ್‌ನಲ್ಲಿ ಬೇರೂರಲೇ ಇಲ್ಲ. ‘ಸದ್ಯಕ್ಕೆ’ ಅಂದದ್ದು ಇವತ್ತೂ ನಮ್ಮ ರ‍್ಯಾಕ್‌ನಲ್ಲಿದೆ. ಬಾಡಿಗೆ ಮನೆ ಸದ್ಯಕ್ಕೆ ಅಂತ ದೆಹಲಿಗೆ ಬಂದು ಹದಿನೈದು ವರ್ಷ ಆದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ತಾತ್ಕಾಲಿಕ ಆದ್ದರಿಂದ ಹಗುರವಾಗಿ ಕಟ್ಟಿದರು. ಯುಡಿಪಿ, 161ನೇ ಪೋರ್ಟ್, ಪಾಸ್‌ವರ್ಡ್ ಜಾಗದಲ್ಲಿ ‘ಕಮ್ಯುನಿಟಿ’ ಅನ್ನೋ ಬಿಚ್ಚು ಅಕ್ಷರದ ಪದ. ನಮ್ಮ ತೊಂದರೆಯೆಲ್ಲ ಇಲ್ಲಿದೆ. ಕಮ್ಯುನಿಟಿ ತಪ್ಪಿದ್ರೆ ಸ್ವಿಚ್ ‘ತಪ್ಪು’ ಅಂತ ಹೇಳೋದಿಲ್ಲ, ಸುಮ್ಮನಿರುತ್ತೆ. ನಡುವೆ ಫೈರ್‌ವಾಲ್ ತಡೆದ್ರೂ ಸಾಮಾನ್ಯವಾಗಿ ಮೌನ. ಸ್ವಿಚ್‌ನ ಅನುಮತಿ ಪಟ್ಟಿಯಲ್ಲಿ ನಿಮ್ಮ ಸರ್ವರ್ ಇಲ್ಲದಿದ್ರೂ ಮೌನ, ಸ್ವಿಚ್ ಸತ್ತೇ ಹೋಗಿದ್ರೂ ಮೌನ. ನಾಲ್ಕು ಬೇರೆ ಬೇರೆ ಕಾಯಿಲೆ, ಲಕ್ಷಣ ಮಾತ್ರ ಒಂದೇ. ಸಾಫ್ಟ್‌ವೇರ್ ಪಾಪ, ಟೈಮ್‌ಔಟ್ ಅಂತ ಬರೆದು ಮುಂದೆ ಹೋಗುತ್ತೆ.

ಗುರುಗ್ರಾಮದ ಒಂದು ಆಫೀಸಲ್ಲಿ, ಹೆಸರು ಬೇಡ, ಮೂರನೇ ಮಹಡಿಯ ಸ್ವಿಚ್‌ಗಳು ಪಟ್ಟಿಯಲ್ಲಿ ಕಾಣ್ತಿರಲಿಲ್ಲ. ಪಿಂಗ್ ಆಗ್ತಿತ್ತು. ಸರ್ವರ್‌ನಲ್ಲಿ ಪ್ಯಾಕೆಟ್ ಹಿಡಿದು ನೋಡಿದ್ವಿ: ಪ್ರಶ್ನೆ ಹೋಗ್ತಿದೆ, ಉತ್ತರ ಇಲ್ಲ. ಕನ್ಸೋಲ್ ಕೇಬಲ್ ಹಿಡ್ಕೊಂಡು ಮಹಡಿ ಹತ್ತಿದ್ಮೇಲೆ ಗೊತ್ತಾಯ್ತು, ಆ ಮಹಡಿ ಮಾಡಿದ ಗುತ್ತಿಗೆದಾರರು ಅನುಮತಿ ಪಟ್ಟಿಯಲ್ಲಿ ಹಳೇ ಸರ್ವರ್‌ನ ಐಪಿ ಮಾತ್ರ ಬರೆದಿದ್ರು. ಒಂದು ಸಾಲು ಸೇರಿಸಿದ್ದಕ್ಕೆ ಸರಿಹೋಯ್ತು. ಆದರೆ ಫರ್ಮ್‌ವೇರ್ ಅಪ್‌ಡೇಟ್ ಹೋಗ್ತಿದ್ದದ್ದು ಪಟ್ಟಿಯಲ್ಲಿದ್ದವಕ್ಕೆ ಮಾತ್ರ. ಸರ್ವರ್ ಬದಲಾದಾಗಿಂದ ಆ ಮಹಡಿಗೆ ಒಂದೂ ಪ್ಯಾಚ್ ತಲುಪಿರಲಿಲ್ಲ, ಆಡಿಟ್ ವರದಿ ಮಾತ್ರ ಪೂರ್ತಿ ಹಸಿರು. 2002ರಲ್ಲಿ ಫಿನ್ಲೆಂಡಿನ ಓಲು ವಿಶ್ವವಿದ್ಯಾಲಯದವರು ಎಸ್‌ಎನ್‌ಎಂಪಿಯಲ್ಲೇ ಸಾಲುಸಾಲು ದೋಷ ಹುಡುಕಿದಾಗ ಜಗತ್ತಿನ ಅಡ್ಮಿನ್‌ಗಳು ಯಾಕೆ ಗಾಬರಿಯಾದ್ರು ಅನ್ನೋದು ಇದರಿಂದ ಅರ್ಥವಾಗುತ್ತೆ: ಕಾಣದ ಪೆಟ್ಟಿಗೆಗೆ ಪ್ಯಾಚ್ ಹಾಕೋದು ಹೇಗೆ?

ನೆರೆಮನೆಯವರನ್ನ ಕೇಳೋ ದಾರಿಯೂ ಇದೆ. ಸಿಸ್ಕೋ 1994ರಲ್ಲಿ ಸಿಡಿಪಿ ತಂತು. ಎಲ್ಲ ಕಂಪನಿಗಳಿಗೂ ಸಲ್ಲುವ ಎಲ್‌ಎಲ್‌ಡಿಪಿ 2005ರಲ್ಲಿ ಐಇಇಇ ಮಾನದಂಡ ಆಯ್ತು. ಇಲ್ಲಿ ಸ್ವಿಚ್‌ಗಳು ತಾವಾಗೇ, ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ, ಪಕ್ಕದವರಿಗೆ ಹೆಸರು ಹೇಳ್ತವೆ. ಆದರೆ ಈ ಮಾತು ಒಂದು ವೈರ್ ದಾಟೋದಿಲ್ಲ, ಎಲ್‌ಎಲ್‌ಡಿಪಿ ಚೌಕಟ್ಟನ್ನ ಮುಂದಿನ ಸ್ವಿಚ್ ದಾಟಿಸಬಾರದು ಅನ್ನೋದೇ ನಿಯಮ. ನಿಮ್ಮ ಸರ್ವರ್ ದೂರದ ಸ್ವಿಚ್‌ನ ನೆರೆಹೊರೆ ಪಟ್ಟಿ ಓದಬೇಕಾದ್ರೆ ಮತ್ತೆ ಎಸ್‌ಎನ್‌ಎಂಪಿಯೇ ಬೇಕು. ಹೀಗಾಗಿ ನಾನು ಮಾಡೋದು ಇಷ್ಟು: ಕಾಣೆಯಾದ ಸ್ವಿಚ್‌ನ ಬಿಟ್ಟು, ಅದರ ಪಕ್ಕದ ಕಾಣ್ತಿರೋ ಸ್ವಿಚ್‌ಗೆ ಲಾಗಿನ್ ಆಗಿ ಎಲ್‌ಎಲ್‌ಡಿಪಿ ನೆರೆಹೊರೆ ನೋಡ್ತೀನಿ. ಅಲ್ಲಿ ಹೆಸರಿದ್ರೆ ಪೆಟ್ಟಿಗೆ ಬದುಕಿದೆ, ವೈರ್ ಸರಿ ಇದೆ. ಆಮೇಲೆ ಪಿಂಗ್, ಆಮೇಲೆ 161. ಲ್ಯಾಪ್‌ಟಾಪ್‌ನಿಂದ ಹುಡುಕ್ತಿದ್ರೆ ವಿಪಿಎನ್ ಆಫ್ ಮಾಡಿ, ಪ್ರಶ್ನೆ ತಪ್ಪು ಇಂಟರ್‌ಫೇಸ್‌ನಿಂದ ಹೊರಡೋದು ನೀವಂದುಕೊಂಡದ್ದಕ್ಕಿಂತ ಸಾಮಾನ್ಯ.

ಮೌನಕ್ಕೆ ಔಷಧಿ ಬಂದೂ ಬಹಳ ವರ್ಷ ಆಯ್ತು. 2002ರ ಕೊನೆಗೆ ಪೂರ್ಣ ಮಾನದಂಡವಾದ ಎಸ್‌ಎನ್‌ಎಂಪಿ 3ನೇ ಆವೃತ್ತಿಯಲ್ಲಿ, ಬಳಕೆದಾರನ ಹೆಸರು ತಪ್ಪಿದ್ರೆ ಸ್ವಿಚ್ ‘ಈ ಹೆಸರು ನನಗೆ ಗೊತ್ತಿಲ್ಲ’ ಅಂತ ರಿಪೋರ್ಟ್ ಕಳಿಸುತ್ತೆ. ಪಾಸ್‌ವರ್ಡ್ ತಪ್ಪಿದ್ರೆ ಅದಕ್ಕೆ ಬೇರೆ ರಿಪೋರ್ಟ್. ನಿಮ್ಮ ಆಫೀಸಲ್ಲಿ ಇನ್ನೂ 2ಸಿ ಆವೃತ್ತಿ, ಕಮ್ಯುನಿಟಿ ‘ಪಬ್ಲಿಕ್’ ಅಂತಿದ್ರೆ, ಮುಂದಿನ ಮೇಂಟೆನೆನ್ಸ್ ರಾತ್ರಿ ಒಂದೇ ಒಂದು ಸ್ವಿಚ್‌ನಲ್ಲಿ 3 ಹಾಕಿ, ಬೇಕಂತಲೇ ತಪ್ಪು ಹೆಸರು ಕೊಟ್ಟು ನೋಡಿ. ಏನು ಉತ್ತರ ಬಂತು ಅಂತ ಕೆಳಗೆ ಬರೀರಿ.