ಯುಗಾದಿಯ ಎಡೆ

ಚೈತ್ರ ಶುದ್ಧ ಪ್ರತಿಪದೆಯು ಕನ್ನಡಿಗರಿಗೆ ವರ್ಷಾರಂಭದ ದಿನವೆಂಬುದು ಸರ್ವವಿದಿತವಾದುದು. ಕ್ರಿ. ಶ. 78ರಿಂದ ಎಣಿಕೆಗೊಳ್ಳುವ ಶಾಲಿವಾಹನ ಶಕದ ಹೊಸ ವರ್ಷವು ಅಂದೇ ಮೊದಲಾಗುವುದು. ಆ ದಿನದ ತಿಥಿವಾರಗಳನ್ನು ಪಂಚಾಂಗವು ತಿಳಿಸುವುದು. ನಾಡಿನ ಚರಿತ್ರೆಯನ್ನಾದರೋ ಊಟದ ಎಡೆಯೇ ತಿಳಿಸುವುದು.

ಎಡೆಯಲ್ಲಿ ಮೊದಲ ಸ್ಥಾನ ಬೇವಿನದು. ಹಳೆಯ ಮೈಸೂರು ಸೀಮೆಯಲ್ಲಿ ಬೇವಿನ ಚಿಗುರನ್ನೂ ಹೂವನ್ನೂ ಬೆಲ್ಲದೊಡನೆ ಮೆಲ್ಲುವರು. ಧಾರವಾಡ, ವಿಜಯಪುರ, ಕಲಬುರಗಿಗಳ ಕಡೆಯಲ್ಲಿ ಬೇವಿನ ಹೂ, ಹುಣಿಸೆಯ ರಸ, ಬೆಲ್ಲ, ಮಾವಿನಕಾಯಿ, ಪುಟಾಣಿಯ ಹಿಟ್ಟು ಇವುಗಳನ್ನು ನೀರಿನಲ್ಲಿ ಕದಡಿ ಪಾನಕ ಮಾಡುವರು. ಅದಕ್ಕೂ ‘ಬೇವು’ ಎಂದೇ ಹೆಸರು. ಬಳಿಕ ಹೋಳಿಗೆ. ಬೆಂದ ಕಡಲೆಬೇಳೆಯನ್ನು ಬಸಿದು, ಬೆಲ್ಲ ಕೂಡಿಸಿ ಅರೆದರೆ ಹೂರಣ. ಬಸಿದ ಕಟ್ಟಿನಿಂದ ಸಾರು. ಹಬ್ಬದ ದಿನವೂ ಒಂದು ಹನಿಯನ್ನು ಚೆಲ್ಲದಿರುವುದು ನಮ್ಮ ತಾಯಂದಿರ ಪಾಕವಿಧಿ. ಹಿಂಗಾರಿನ ಕಡಲೆ, ಗೋದಿ, ಆಲೆಮನೆಯ ಹೊಸ ಬೆಲ್ಲ ಮನೆಗೆ ಬಂದಿರುವ ಕಾಲವದು; ಆದಕಾರಣ ಈ ಎಡೆಯು ಒಕ್ಕಲಿಗನ ವರ್ಷದ ಲೆಕ್ಕಪತ್ರವೂ ಹೌದು.

ಈ ನಾಡಿನ ಪಾಕಶಾಸ್ತ್ರವು ಬಹು ಪ್ರಾಚೀನವಾದುದು. ಸುಮಾರು ಕ್ರಿ. ಶ. 1025ರಲ್ಲಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಅಡಿಗೆಯ ವಿಚಾರವಿದೆ. ಸುಮಾರು 1129ರಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಗೋದಿಯ ಮಂಡಕ, ಪೋಲಿಕೆ ಮೊದಲಾದ ಭಕ್ಷ್ಯಗಳನ್ನು ವರ್ಣಿಸಿರುವನು. 16ನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ಕನ್ನಡದಲ್ಲಿ ಹಾಡಿದನು. ಇಂದು ಕಟ್ಟಿನ ಸಾರಿಗೆ ಅವಶ್ಯವೆನಿಸಿದ ಮೆಣಸಿನಕಾಯಿಯನ್ನು ಈ ಮೊದಲಿನ ಇಬ್ಬರೂ ಕಂಡವರಲ್ಲ. ಅದು ಅಮೆರಿಕಾ ಖಂಡದಿಂದ ಹೊರಟು, 16ನೆಯ ಶತಮಾನದಲ್ಲಿ ಪೋರ್ತುಗೀಜರ ಮೂಲಕ ಇಲ್ಲಿಗೆ ಬಂದುದು. ಹೊಸದಾಗಿ ಬಂದ ಆ ಕಾಯಿಗೆ ನಮ್ಮವರು ಕರಿಮೆಣಸಿನ ಹೆಸರನ್ನೇ ಕೊಟ್ಟು ಮನೆಯೊಳಗೆ ಕರೆದುಕೊಂಡರು. ಎಡೆಯು ಹೀಗೆ ಕಾಲಕಾಲಕ್ಕೆ ಮಾರ್ಪಡುತ್ತಲೇ ಬಂದಿದೆ.

ಹಾಗಾದರೆ ಬದಲಾಗದೆ ಉಳಿಯತಕ್ಕುದು ಯಾವುದು? ಇದಕ್ಕೆ ಉತ್ತರವನ್ನೂ ಕಲ್ಯಾಣವೇ ಕೊಡುವುದು. ಸೋಮೇಶ್ವರನು ರಾಜಭೋಜನವನ್ನು ಬರೆದಿಟ್ಟ ಕೆಲವು ದಶಕಗಳಲ್ಲಿಯೇ, ಅದೇ ನಗರದಲ್ಲಿ ಬಸವಣ್ಣನವರೂ ಶರಣರೂ ಕಾಯಕದಿಂದ ಗಳಿಸಿದ ಅನ್ನವನ್ನು ದಾಸೋಹವನ್ನಾಗಿ ಮಾಡಿದರು. ಅರಸನ ಗ್ರಂಥವು ಎಲೆಯ ಮೇಲೆ ಏನಿರಬೇಕೆಂದು ಹೇಳಿತು. ಶರಣರ ನಡೆಯು ಎಲೆಯ ಮುಂದೆ ಯಾರು ಕುಳಿತಿರಬೇಕೆಂದು ಕೇಳಿತು.

ಹೋಳಿಗೆಯು ಎಲ್ಲರ ಮನೆಗೂ ಎಟುಕುವುದಿಲ್ಲ. ಬೇವಾದರೋ ದಾರಿಯ ಬದಿಯ ಮರದಲ್ಲಿದೆ. ಅದರ ಕಹಿಯು ಸಿರಿವಂತನಿಗೂ ಬಡವನಿಗೂ ಒಂದೇ. ಉತ್ತರದ ಊರುಗಳಲ್ಲಿ ಬೇವಿನ ಪಾನಕವನ್ನು ನೆರೆಮನೆಗೆ ಕೊಟ್ಟು ಕುಡಿಯುವ ವಾಡಿಕೆಯ ತಿರುಳು ಇದೇ ಆಗಿದೆ. ಇಂದು ಪೇಟೆಗಳಲ್ಲಿ ಹೋಳಿಗೆಯು ಅಂಗಡಿಯಿಂದ ಬರುತ್ತಿರುವುದು. ಅದು ದೊಡ್ಡ ಹಾನಿಯಲ್ಲ. ನೆರೆಯವನ ಬಾಗಿಲಿಗೆ ಬೇವಿನ ಬಟ್ಟಲು ಹೋಗುವುದು ನಿಂತರೆ ಮಾತ್ರ ಹಬ್ಬವು ಬರಿಯ ಊಟವಾಗಿ ಉಳಿಯುವುದು. ಆ ಬಟ್ಟಲು ಬರಿದಾಗದಂತೆ ಕಾಯುವ ಭಾರವು ಪ್ರತಿಯೊಂದು ಮನೆಯದು.