ಹಂದಿ ಸಾಕಣೆ ಕೇಂದ್ರಗಳ ವೈರಸ್ ರೋಗ ತನಿಖೆ: ಕುಂದಾಪುರ, ಬೈಂದೂರು, ಬ್ರಹ್ಮಾವರ ಮತ್ತು ನೆರೆಯ ಕರಾವಳಿ

ಸಾಕಣೆ ಕೇಂದ್ರವೊಂದರಲ್ಲಿ ಹಂದಿಗಳು ಸಾಲಾಗಿ ಸತ್ತಾಗ ರೋಗ ಯಾವುದು, ಎಲ್ಲಿಂದ ಬಂತು, ಮುಂದೆ ಎಲ್ಲಿಗೆ ಹೋಗಬಹುದು ಎಂದು ಪತ್ತೆಹಚ್ಚುವ ಕೆಲಸದ ಚರಿತ್ರೆ ಈ ಲೇಖನದ ವಿಷಯ.

ಈ ಮೂರು ತಾಲ್ಲೂಕುಗಳ ಮಟ್ಟಿಗೆ ಮೊದಲ ತೊಡಕು ದಾಖಲೆಯದೇ. 1956ರವರೆಗೆ ಕುಂದಾಪುರ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಉಡುಪಿ ಜಿಲ್ಲೆಯಾದದ್ದು 1997ರಲ್ಲಿ. ಕುಂದಾಪುರದಿಂದ ಬೈಂದೂರು, ಉಡುಪಿಯಿಂದ ಬ್ರಹ್ಮಾವರ ಬೇರ್ಪಟ್ಟು ತಾಲ್ಲೂಕುಗಳಾಗಿ ಕೆಲಸ ಆರಂಭಿಸಿದ್ದು 2018ರಲ್ಲಿ. ಆದ್ದರಿಂದ ಹಳೆಯ ಪಶುವೈದ್ಯ ವರದಿಗಳಲ್ಲಿ ಬೈಂದೂರು, ಬ್ರಹ್ಮಾವರಗಳ ಹೆಸರು ಹುಡುಕುವುದು ವ್ಯರ್ಥ. ಅಲ್ಲಿನ ಹಂದಿಗಳೆಲ್ಲ ಬೇರೆ ಊರಿನ ಲೆಕ್ಕದಲ್ಲಿ ಸೇರಿಹೋಗಿವೆ.

ಎರಡನೆಯ ತೊಡಕು ರೋಗದ ಹೆಸರಿನದು. 'ಹಂದಿ ಜ್ವರ' ವೈರಸ್ಸಿನಿಂದ ಬರುತ್ತದೆ ಎಂದು ಅಮೆರಿಕದ ವಿಜ್ಞಾನಿಗಳಾದ ದ ಶ್ವೈನಿಟ್ಸ್ ಮತ್ತು ಡಾರ್ಸೆಟ್ 1903ರಲ್ಲಿ ತೋರಿಸಿದ್ದರು. ಭಾರತದಲ್ಲಿ ಅದರ ಮೊದಲ ಪ್ರಕರಣವೆಂದು ಹೆಚ್ಚಿನ ಲೇಖನಗಳು 1944ರ ಅಲೀಗಢವನ್ನು ಹೇಳುತ್ತವೆ. ವಿವರವಾಗಿ ಪ್ರಕಟವಾದ ವರದಿಗಳು 1960ರ ದಶಕದವು. ಆಮೇಲೆ ಜೋರು ಜ್ವರ ಬಂದು, ಕಿವಿ, ಹೊಟ್ಟೆಯ ಚರ್ಮ ಕೆನ್ನೀಲಿಯಾಗಿ ಸತ್ತ ಹಂದಿಗೆ ಈ ಒಂದೇ ಹೆಸರು ಸುಲಭವಾಗಿ ಅಂಟಿತು. ಮೈಸೂರು ಸಂಸ್ಥಾನದ ಕಾಲದಲ್ಲಿ, 1925ರಲ್ಲಿ ಆರಂಭವಾದ ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಂಥ ಪ್ರಯೋಗಾಲಯಕ್ಕೆ ಮಾದರಿ ತಲುಪದಿದ್ದರೆ ಕಡತದಲ್ಲಿ ಉಳಿಯುತ್ತಿದ್ದದ್ದು ಕಣ್ಣಂದಾಜಿನ ಹೆಸರೇ.

ಕಣ್ಣಂದಾಜು ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ಮಲೇಷ್ಯಾದ ಪ್ರಕರಣವೇ ಸಾಕ್ಷಿ. 1998ರಲ್ಲಿ ಇಪೋ ಸುತ್ತಲಿನ ಹಂದಿ ಫಾರ್ಮುಗಳಲ್ಲಿ ಜನರಿಗೆ ಮಿದುಳು ಜ್ವರ ಬಂದಾಗ ಅದನ್ನು ಸೊಳ್ಳೆಯಿಂದ ಹರಡಿ ಹೆಚ್ಚಾಗಿ ಮಕ್ಕಳನ್ನು ಕಾಡುವ ಜಪಾನೀಸ್ ಎನ್ಸೆಫಲೈಟಿಸ್ ಎಂದೇ ಭಾವಿಸಲಾಯಿತು. ಸೊಳ್ಳೆಗೆ ಔಷಧಿ ಹೊಡೆದರು, ಲಸಿಕೆ ಹಾಕಿದರು. ರೋಗ ನಿಲ್ಲಲಿಲ್ಲ, ಮಾರಾಟವಾದ ಹಂದಿಗಳ ಜೊತೆಗೇ ದಕ್ಷಿಣಕ್ಕೆ ಇಳಿಯಿತು. ಕಾಯಿಲೆ ಬಿದ್ದವರಲ್ಲಿ ಹೆಚ್ಚಿನವರು ಮಕ್ಕಳಲ್ಲ, ಹಂದಿ ಮುಟ್ಟಿ ದುಡಿಯುವ ವಯಸ್ಕರು, ಹಂದಿಗಳೂ ಕೆಮ್ಮುತ್ತಿದ್ದವು. ಈ ಸುಳಿವುಗಳು ಕಣ್ಣೆದುರೇ ಇದ್ದವು. 1999ರ ಮಾರ್ಚಿನಲ್ಲಿ ವೈರಾಣು ತಜ್ಞ ಚುವಾ ಕಾವ್ ಬಿಂಗ್ ಹೊಸ ವೈರಸ್ಸನ್ನು ಬೇರ್ಪಡಿಸಿದರು. ರೋಗಿಯ ಊರಿನಿಂದ ಅದಕ್ಕೆ ನಿಪಾ ಎಂಬ ಹೆಸರು ಬಂತು. ಹತ್ತು ಲಕ್ಷಕ್ಕೂ ಹೆಚ್ಚು ಹಂದಿಗಳನ್ನು ಕೊಲ್ಲಲಾಯಿತು. ಸತ್ತ ಜನರ ಸಂಖ್ಯೆ ಕೆಲವು ಮೂಲಗಳಲ್ಲಿ 105, ಕೆಲವಲ್ಲಿ 109.

ಆ ಪಾಠ ಉಡುಪಿ ಜಿಲ್ಲೆಯಲ್ಲೇ ಉಪಯೋಗಕ್ಕೆ ಬಂದದ್ದು 2018ರ ಮೇ ತಿಂಗಳಲ್ಲಿ. ಕೇರಳದ ಕೋಳಿಕ್ಕೋಡಿನಲ್ಲಿ ಕಾಯಿಲೆ ಬಿದ್ದವರಿಂದ ಬಂದ ಮಾದರಿಗಳಲ್ಲಿ ನಿಪಾ ಇರುವುದನ್ನು ಬ್ರಹ್ಮಾವರಕ್ಕೆ ಹತ್ತಿರದ ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರದಲ್ಲಿ ಜಿ. ಅರುಣ್‌ಕುಮಾರ್ ಅವರ ತಂಡ ಗುರುತಿಸಿತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ದೃಢಪಡಿಸಿತು. ಮಲೇಷ್ಯಾದ ನೆನಪಿನಿಂದ ಹಂದಿಗಳ ಮಾದರಿಯನ್ನೂ ಭೋಪಾಲದ ಪಶುರೋಗ ಸಂಸ್ಥೆಗೆ ಕಳಿಸಲಾಯಿತು. ಅವುಗಳಲ್ಲಿ ವೈರಸ್ ಸಿಗಲಿಲ್ಲ, ಸಿಕ್ಕಿದ್ದು ಹಣ್ಣು ತಿನ್ನುವ ಬಾವಲಿಗಳಲ್ಲಿ. ಕೋಳಿಕ್ಕೋಡಿನಲ್ಲೂ ಲೆಕ್ಕ ಎರಡಿದೆ: ಕೇರಳ ಸರ್ಕಾರ ಹೇಳಿದ ಸಾವು 17, ಮರುವರ್ಷದ ಸಂಶೋಧನಾ ಲೇಖನದಲ್ಲಿ ಶಂಕಿತರೂ ಸೇರಿ 23 ಪ್ರಕರಣ, 21 ಸಾವು. ಹಂದಿ ಸಾಕಿದವರ ಮೇಲೆ ಬಿದ್ದ ಅನುಮಾನವನ್ನು ಪರೀಕ್ಷೆಯೇ ತೊಡೆಯಿತು.

ಹಂದಿ ಸಾಕಣೆಗೆ ನಿಜವಾದ ಪೆಟ್ಟು ಬಂದದ್ದು ಆಫ್ರಿಕನ್ ಹಂದಿ ಜ್ವರದಿಂದ. 1921ರಲ್ಲಿ ಕೀನ್ಯಾದಿಂದ ಪಶುವೈದ್ಯ ಮಾಂಟ್‌ಗೊಮೆರಿ ವರ್ಣಿಸಿದ್ದ ಈ ರೋಗ 2018ರಲ್ಲಿ ಚೀನಾಕ್ಕೆ, 2020ರಲ್ಲಿ ಅಸ್ಸಾಂ ಮತ್ತು ಅರುಣಾಚಲಕ್ಕೆ ಬಂತು. 2022ರ ಜುಲೈನಲ್ಲಿ ವಯನಾಡಿನಲ್ಲಿ, ಅದೇ ವರ್ಷ ಮಂಗಳೂರಿನ ನೀರುಮಾರ್ಗದಲ್ಲಿ, 2023ರ ಜನವರಿಯಲ್ಲಿ ಕಾಸರಗೋಡಿನ ಎಣ್ಮಕಜೆ ಪಂಚಾಯತಿನ ಕಾಟುಕುಕ್ಕೆಯಲ್ಲಿ ಕಾಣಿಸಿತು. ಇದು ಮನುಷ್ಯರಿಗೆ ತಗಲುವುದಿಲ್ಲ. ಆದರೆ ದೇಶದಲ್ಲಿ ಇದಕ್ಕೆ ಬಳಕೆಯ ಲಸಿಕೆ ಇಲ್ಲದ್ದರಿಂದ ತನಿಖೆಯ ತೀರ್ಪೇ ಸಾಕಿದವನ ಬದುಕಿನ ತೀರ್ಪಾಗುತ್ತದೆ: 2020ರ ರಾಷ್ಟ್ರೀಯ ಕ್ರಿಯಾಯೋಜನೆಯಂತೆ ರೋಗ ಕಂಡ ಜಾಗದ ಸುತ್ತ 1 ಕಿ.ಮೀ. ಒಳಗಿನ ಹಂದಿಗಳನ್ನು ಕೊಂದು ಹೂಳಬೇಕು, 10 ಕಿ.ಮೀ.ವರೆಗೆ ನಿಗಾ ಇಡಬೇಕು. ಕಾಟುಕುಕ್ಕೆಯ ನಿಗಾ ವಲಯವನ್ನು ನಕ್ಷೆಯಲ್ಲಿ ಎಳೆದರೆ ಅದು ರಾಜ್ಯದ ಗಡಿಯನ್ನು ದಾಟುತ್ತದೆ. ಒಂದೇ ತನಿಖೆಗೆ ಎರಡು ರಾಜ್ಯಗಳ ಪಶುಪಾಲನಾ ಇಲಾಖೆಗಳು ಬೇಕಾಗುತ್ತವೆ.

ಹಳೆಯ ಹಂದಿ ಜ್ವರಕ್ಕೂ ಆಫ್ರಿಕನ್ ಹಂದಿ ಜ್ವರಕ್ಕೂ ಹೊರಗಿನ ಲಕ್ಷಣದಲ್ಲಿ ವ್ಯತ್ಯಾಸ ಕಾಣುವುದು ಕಷ್ಟ. ಶವ ಕೊಯ್ದಾಗ ಗುಲ್ಮ ಉಬ್ಬಿ, ಕಪ್ಪಾಗಿ, ಮುಟ್ಟಿದರೆ ಒಡೆಯುವಂತಿದ್ದರೆ ಹೊಸ ರೋಗದ ಶಂಕೆ. ಅಂಚಿನಲ್ಲಷ್ಟೇ ಕಪ್ಪು ಕಲೆಗಳಿದ್ದು ದೊಡ್ಡ ಕರುಳಿನಲ್ಲಿ ಗುಂಡಿಯಾಕಾರದ ಹುಣ್ಣುಗಳಿದ್ದರೆ ಹಳೆಯದು. ಹಂದಿ ಜ್ವರದ ಲಸಿಕೆ ಹಾಕಿಸಿದ ಹಂದಿಗಳೇ ಸಾಯುತ್ತಿದ್ದರೆ ಅದು ಇನ್ನೊಂದು ಸುಳಿವು. ಕೊನೆಯ ಮಾತು ಮಾತ್ರ ಪಿಸಿಆರ್ ಪರೀಕ್ಷೆಯದು. ರಕ್ತ, ಗುಲ್ಮ, ದುಗ್ಧಗ್ರಂಥಿ, ಮೂತ್ರಪಿಂಡದ ತುಣುಕುಗಳು ಮಂಜುಗಡ್ಡೆಯಲ್ಲಿ ಭೋಪಾಲದ ರಾಷ್ಟ್ರೀಯ ಉನ್ನತ ಭದ್ರತಾ ಪಶುರೋಗ ಸಂಸ್ಥೆಗೆ ಹೋಗಿ ಉತ್ತರ ಬರುವವರೆಗೆ ಗೂಡಿನ ಬಾಗಿಲು ಮುಚ್ಚಿರಬೇಕು.

ರೋಗದ ಮೂಲ ಹುಡುಕುವವರು ಕರಾವಳಿಯಲ್ಲಿ ಮೊದಲು ಕೇಳಬೇಕಾದದ್ದು ಮೇವಿನ ವಿಷಯ. ಹೋಟೆಲು, ಕಲ್ಯಾಣ ಮಂಟಪಗಳ ಮುಸುರೆಯೇ ಅನೇಕ ಗೂಡುಗಳಿಗೆ ಆಧಾರ. ಬೇಯಿಸದ ಮುಸುರೆಯಲ್ಲಿ ಸೋಂಕಿತ ಮಾಂಸದ ಚೂರಿದ್ದರೆ ಅಷ್ಟೇ ಸಾಕು. ಎರಡನೆಯದು ಕ್ರಿಸ್ಮಸ್, ಮದುವೆಗಳ ಕಾಲಕ್ಕೆ ಹೆಚ್ಚುವ ಹಂದಿ ಸಾಗಣೆಯ ವಾಹನ. ಮೂರನೆಯದು ಕಾಡುಹಂದಿ. 2023ರ ಜನವರಿಯಲ್ಲಿ ತಮಿಳುನಾಡಿನ ಮುದುಮಲೆಯ ಕಾಡುಹಂದಿಗಳಲ್ಲಿ ಆಫ್ರಿಕನ್ ಹಂದಿ ಜ್ವರ ದೃಢಪಟ್ಟಿತು. ಮೂಕಾಂಬಿಕಾ ಅಭಯಾರಣ್ಯಕ್ಕೆ ತಾಗಿದ ಬೈಂದೂರು, ಕುಂದಾಪುರದ ಊರುಗಳಲ್ಲಿ ತೋಟಕ್ಕೆ ಕಾಡುಹಂದಿ ಇಳಿಯುವುದು ಹೊಸತಲ್ಲ. ಅಲ್ಲಿ ಸತ್ತುಬಿದ್ದ ಕಾಡುಹಂದಿಯ ಸುದ್ದಿ ಅರಣ್ಯ ಇಲಾಖೆಗೆ ಮಾತ್ರವಲ್ಲ, ಪಶುವೈದ್ಯರಿಗೂ ಅದೇ ದಿನ ಮುಟ್ಟಬೇಕು.